ಬೆನ್ನ ಹಿಂದಿನ ನಗು

ಮೈಸೂರು
16 ಜೂನ್ 2024

ಅಪ್ಪಾ,

ಬಂದು ಸೇರಿದೆ. ಇದನ್ನು ಮೊದಲು ಅವ್ವನಿಗೆ ಹೇಳು, ಆಮೇಲೆ ಮುಂದೆ ಓದು. ಬಸ್ಸಿನಲ್ಲಿ ವಾಂತಿ ಆಗಲಿಲ್ಲ, ಬ್ಯಾಗು ಕಳೆಯಲಿಲ್ಲ. ಅವ್ವ ಕಟ್ಟಿಕೊಟ್ಟ ರಾಗಿಹಿಟ್ಟು ಮಾತ್ರ ಒಳಗೇ ಚೆಲ್ಲಿಹೋಗಿ ನನ್ನ ಬಟ್ಟೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ಒದರಿದಷ್ಟೂ ಬರುತ್ತಿದೆ.

ಫೋನಿದ್ದೂ ಕಾಗದ ಬರೆಯುತ್ತೀಯಲ್ಲ ಎಂದು ಪೂಜ ಕೇಳಿದಳು. ಪೂಜ ನನ್ನ ಜೊತೆ ಸೇರಿದ ಇನ್ನೊಬ್ಬ ಹುಡುಗಿ, ಮೈಸೂರಿನವಳೇ. "ನಮ್ಮಪ್ಪನಿಗೆ ಕಿವಿ ಕೇಳಿಸಲ್ಲ. ನಾನು ಸಣ್ಣವಳಿದ್ದಾಗ ಆನೆ ಓಡಿಸಕ್ಕೆ ಅಚ್ಚಿದ ಪಟಾಕಿ ಕಿವಿ ಪಕ್ಕದಲ್ಲೇ ಸಿಡಿದೋಯ್ತು" ಎಂದೆ. ನಿನ್ನ ಗುಂಡಿ ಫೋನಿನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಡಬ್ಬಿ ಡಬ್ಬಿಯಾಗಿ ಬರುತ್ತದೆ ಎಂದೂ ಹೇಳಿದೆ.

ನಮ್ಮ ತಂಡದ ಹೆಸರು ಕಿಲಕಿಲ. ಜಾಗ ಮಾತ್ರ ಒಂದು ಮುಚ್ಚಿದ ಹಿಟ್ಟಿನ ಗಿರಣಿ. ಹಾಗಾಗಿ ನನ್ನ ಬಟ್ಟೆ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಡೆಸುವವರು ಮಮತ ಮೇಡಂ. ಚಾಮರಾಜನಗರದಲ್ಲಿ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದು ನನ್ನನ್ನು ನೋಡಿ ಕರೆದರು ಎಂದಿದ್ದೆನಲ್ಲ, ಅವರೇ. ಶಿವಮೂರ್ತಿ ಅಂತ ಹಿರಿಯ ನಟರಿದ್ದಾರೆ. ಕುಡುಕನ ಪಾರ್ಟು ಅವರಂತೆ ಮಾಡುವವರು ಇಲ್ಲವಂತೆ. ಅವರು ಟೀ ಕೂಡ ಕುಡಿಯುವುದಿಲ್ಲ.

ಈಗ ಮುಖ್ಯ ವಿಷಯ. ಸಂಕ್ರಾಂತಿಯವರೆಗೆ ಕಲಿಕೆ. ಆಮೇಲೆ ತಂಡ ಹೊಸ ಹಾಸ್ಯನಾಟಕ ತೆಗೆದುಕೊಂಡು ಊರೂರಿಗೆ ಹೊರಡುತ್ತದೆ. ಅದರಲ್ಲಿ ಹೊಸ ಹುಡುಗಿಗೆ ಇರುವುದು ಒಂದೇ ಪಾತ್ರ. ಅದು ಪೂಜಳಿಗೋ ನನಗೋ. ಸಿಗದವಳು ಮನೆಗೆ. ಮೇಡಂ ಮೊದಲ ದಿನವೇ ಮುಖಕ್ಕೆ ಹೇಳಿಬಿಟ್ಟರು.

ನಾನು ಹೊಲಕ್ಕೆ "ಒಲ" ಅಂದರೆ ಇಲ್ಲಿ ಒಲೆ ಅಂದುಕೊಳ್ಳುತ್ತಾರೆ. ನಿಮ್ಮೂರು ತಮಿಳುನಾಡಲ್ವಾ, ಕನ್ನಡ ಹೇಗೆ ಬಂತು ಎಂದು ಕೇಳುತ್ತಾರೆ. ಹುಟ್ಟುವಾಗಲೇ ಬಂತು ಎನ್ನುತ್ತೇನೆ. ಒಂದು ಸುಖವಿದೆ. ಏನು ಮಾಡಿ ತೋರಿಸಿದರೂ ಇಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ನಿನ್ನ ಹಾಗೆ ಅಂಗೈ ಎತ್ತಿ "ತಡಿ ಕೂಸೆ, ಇನ್ನೊಂದ್ಸಲ ಮಾಡು" ಎಂದು ಕಾಡುವವರು ಯಾರೂ ಇಲ್ಲ.

ಕಾಡುವವರಿಲ್ಲದೆ ಸಂಜೆ ಹೊತ್ತು ಏನು ಮಾಡಬೇಕೋ ತಿಳಿಯುತ್ತಿಲ್ಲ.

ನಿನ್ನ
ಚೈತ್ರ


ತಿಗನಾರೆ
27 ಜೂನ್ 2024

ಕೂಸು ಚೈತ್ರಳಿಗೆ ಅಪ್ಪ ಪುಟ್ಟಮಾದ ಬರೆಯುವುದು,

ಕಾಗದ ಬಂತು. ಮುಂದಿನ ಸಲ ವಿಳಾಸವನ್ನು ತಮಿಳಿನಲ್ಲೂ ಬರೆ. ಪೋಸ್ಟ್‌ಮ್ಯಾನ್ ಹೊಸಬ, ಸತ್ಯಮಂಗಲದ ಕಡೆಯವನು, ಕನ್ನಡ ಓದಲು ಬಾರದು. ಕಾಗದ ಹಿಡಿದು ಬೀದಿಯೆಲ್ಲ ಸುತ್ತಿ ಕೊನೆಗೆ ನನ್ನ ಮುಂದೆ ನಿಂತ.

ನಾನು ಬಾಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಭಾಷೆ ಎಂದು ನೀನು ಗೇಲಿ ಮಾಡುತ್ತೀಯ. ಬಾಯಿಯ ಮಾತು ನಮ್ಮ ಊರಿನದು, ಬರೆಯುವ ಮಾತು ತಾಳವಾಡಿ ಸ್ಕೂಲಿನ ಮೇಷ್ಟ್ರದು. ಅವರು ಕೊಟ್ಟ ಏಟಿಗೆ ಇಷ್ಟಾದರೂ ಮರ್ಯಾದೆ ಕೊಡಬೇಕು.

ನೀನು ಹೋದ ಮೇಲೆ ನನಗೆ ಊರಿನ ಸುದ್ದಿ ಹೇಳುವ ಕೆಲಸ ನಿಮ್ಮವ್ವ ಮಾದಿಗೆ ಬಿದ್ದಿದೆ. ಅವಳ ಕೈಲಿ ಆಗದ ಕೆಲಸ ಇದು. ನೀನು ಯಾರಾದರೂ ಹೀಗೆಂದರು ಎಂದು ತೋರಿಸಿದರೆ ಅವರೇ ನನ್ನ ಮುಂದೆ ನಿಂತಂತೆ ಇರುತ್ತಿತ್ತು. ಮಾದಿಗೆ ಇರುವುದು ಒಂದೇ ಕೈಸನ್ನೆ. ಬಲಗೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸುತ್ತಾಳೆ. ಕಬ್ಬಿಗೆ ಆನೆ ಬಿದ್ದರೂ ಅದೇ, ರೇಷನ್ ಅಂಗಡಿ ಬಾಗಿಲು ಹಾಕಿದ್ದರೂ ಅದೇ, ತಾಲೂಕು ಆಫೀಸಿಗೆ ಮನು ಅರ್ಜಿ ಕೊಡಲು ಹೋದವರು ವಾಪಸು ಬಂದರೂ ಅದೇ. ಮೊನ್ನೆ ಆನೆ ಎಂದುಕೊಂಡು ಕೋಲು ಹಿಡಿದು ಓಡಿದೆ. ಅವಳು ಹೇಳಿದ್ದು ಸೊಸೈಟಿಯಲ್ಲಿ ಸಕ್ಕರೆ ಕೊಡುತ್ತಿದ್ದಾರೆ ಎಂದು.

ಟೀ ಅಂಗಡಿ ಶಿವಸ್ವಾಮಿ ಕೈ ಆಡಿಸಿ, ಮಗಳಿಗೆ ಏನು ಕೆಲಸ ಎಂದು ಕೇಳಿದ. "ಜನ್ರ ನಗ್ಸೋ ಕೆಲ್ಸ ಕಣ್ಲಾ" ಎಂದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು, ನಾನು ಜೋರಾಗಿ ಹೇಳಿರಬೇಕು. ಯಾರೋ ಏನೋ ಬಾಯಿ ಆಡಿಸಿದರು. ಹೆಣ್ಣುಮಗಳನ್ನು ನಾಟಕಕ್ಕೆ ಕಳಿಸಿದ್ದಾನೆ ಎಂದಿರಬಹುದು. ನನಗೆ ಕೇಳಿಸಲಿಲ್ಲ. ಕಿವಿ ಹೋದುದಕ್ಕೆ ಇದೊಂದು ಲಾಭ ಇದೆ.

ಆ ಪಾತ್ರ ನಿನಗೇ ಸಿಗುತ್ತದೆ. ನಾನು ಎಂಟು ವರ್ಷ ದಿನಾ ನೋಡಿದವನು, ಆ ಮೇಡಂ ಒಂದು ದಿನ ನೋಡಿದವರು.

ಇಂತಿ ಅಪ್ಪ


ಮೈಸೂರು
4 ಆಗಸ್ಟ್ 2024

ಅಪ್ಪಾ,

ಮೊದಲ ಬಾರಿ ಟಿಕೆಟ್ಟು ಕೊಂಡು ಬಂದ ಜನರ ಮುಂದೆ ನಿಂತೆ. ಪಾರ್ಟು ಸಣ್ಣದು, ಮನೆಕೆಲಸದವಳು. ಸಾಹುಕಾರನಿಗೆ ಕಾಫಿ ತಂದುಕೊಟ್ಟು ಮೂರು ಮಾತು ಆಡಿ ಹೋಗಬೇಕು. ಸಾಹುಕಾರ ಶಿವಮೂರ್ತಿ ಸರ್.

ಮೊದಲ ಮಾತಿಗೇ ಜನ ನಕ್ಕರು. ಗೆದ್ದೆ ಅಂದುಕೊಂಡೆಯಾ? ಕೇಳು. ನಗು ಬಂದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಉಳಿದ ಎರಡು ಮಾತನ್ನು ಒಂದೇ ಉಸಿರಿಗೆ ಹೇಳಿ, ಕಾಫಿ ಲೋಟವನ್ನು ಸಾಹುಕಾರನ ತೊಡೆಯ ಮೇಲಿಟ್ಟು ಒಳಗೆ ಓಡಿಬಂದೆ. ನಾನು ಹೇಳಿದ್ದು ಜನರಿಗೆ ಕೇಳಿಸಲೇ ಇಲ್ಲ, ಅವರು ಇನ್ನೂ ಮೊದಲನೆಯದಕ್ಕೆ ನಗುತ್ತಿದ್ದರು. ಪಾಪ, ಶಿವಮೂರ್ತಿ ಸರ್ ಖಾಲಿ ಬಾಗಿಲಿನ ಜೊತೆ ಮಾತಾಡಿ ಹೇಗೋ ಸಂಭಾಳಿಸಿದರು.

ಮೇಡಂ ಬೈಯಲಿಲ್ಲ. "ಜನ ನಗ್ತಿರುವಾಗ ನಿಲ್ಲಬೇಕು ಕಣೇ. ನಕ್ಕು ಮುಗಿಸೋಕೆ ಬಿಡಬೇಕು. ನೀನು ಯಾಕೆ ಕದ್ದವಳ ಥರ ಓಡ್ತೀಯ?" ಎಂದರು. ತಾಲೀಮಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಪೂಜ, ಮೇಡಂ, ಎಲ್ಲರೂ ಎದುರಿಗೇ ಕೂತು ನಗುತ್ತಾರೆ. ರಂಗದ ಮೇಲೆ ದೀಪ ಕಣ್ಣಿಗೆ ಹೊಡೆಯುತ್ತದೆ, ಕತ್ತಲಲ್ಲಿ ಯಾರ ಮುಖವೂ ಕಾಣುವುದಿಲ್ಲ. ಬರೀ ನಗು ಬರುತ್ತದೆ.

ಪೂಜ ನಿಲ್ಲುತ್ತಾಳೆ. ಎಷ್ಟು ಚೆನ್ನಾಗಿ ನಿಲ್ಲುತ್ತಾಳೆ ಅಂದರೆ, ನನಗೂ ಕೈ ತಟ್ಟಬೇಕು ಅನ್ನಿಸಿತು.

ನಿನ್ನ
ಚೈತ್ರ


ತಿಗನಾರೆ
15 ಆಗಸ್ಟ್ 2024

ಕೂಸೆ,

ಹೆದರಬೇಡ. ಜನ ಹೆಚ್ಚಿದ್ದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ನಾನು ಕಾವಲು ಕಾಯುವಾಗ ಕಲಿತದ್ದನ್ನು ಹೇಳುತ್ತೇನೆ. ಕೂಗು ಹಾಕಿ ಓಡಿದರೆ ಆನೆ ಅಟ್ಟಿಸಿಕೊಂಡು ಬರುತ್ತದೆ. ಕೂಗು ಹಾಕಿ ನಿಂತರೆ ಅದೂ ನಿಂತು ಯೋಚನೆ ಮಾಡುತ್ತದೆ. ಆಮೇಲೆ ಅದರ ಪಾಡಿಗೆ ಅದು ಹೋಗುತ್ತದೆ. ನೀನೂ ನಿಲ್ಲು.

ಜನ ಏನು ಆನೆಗಳಾ ಎಂದು ನಿಮ್ಮವ್ವ ಕೈ ತಿರುಗಿಸುತ್ತಿದ್ದಾಳೆ. ಅಥವಾ ಊಟಕ್ಕೆ ಬಾ ಎನ್ನುತ್ತಿದ್ದಾಳೆ.

ಒಂದು ನನಗೆ ಅರ್ಥವಾಗಲಿಲ್ಲ. ನಗಿಸಬೇಕು ಎಂದೇ ನೀನು ಹೋದದ್ದು, ಅವರು ನಕ್ಕೂ ನಕ್ಕರು. ಮತ್ತೆ ಓಡಿದ್ದು ಯಾಕೆ? ಕಿವಿ ಬಿಸಿಯಾಗುವುದು ಸಿಟ್ಟಿಗೆ ಅಥವಾ ನಾಚಿಕೆಗೆ. ನಿನಗೆ ಎರಡರಲ್ಲಿ ಯಾವುದಾಯಿತು ಬರೆ.

ತಲೆಗೆ ಎಣ್ಣೆ ಹಚ್ಚು.

ಇಂತಿ ಅಪ್ಪ


ತಿಗನಾರೆ
26 ಸೆಪ್ಟೆಂಬರ್ 2024

ಕೂಸೆ,

ಕಾಗದ ಇಲ್ಲ. ಪೋಸ್ಟ್‌ಮ್ಯಾನ್ ಈಗ ನಮ್ಮ ಮನೆ ಮುಂದೆ ಸೈಕಲ್ಲು ನಿಧಾನ ಮಾಡಿ, ತಲೆ ಅಲ್ಲಾಡಿಸಿ ಹೋಗುತ್ತಾನೆ. ನಾನು ಕೇಳಿದ್ದು ತಪ್ಪಾಗಿದ್ದರೆ ಅದನ್ನು ಬಿಟ್ಟು ಬೇರೇನಾದರೂ ಬರೆ. ಏನು ತಿಂದೆ ಎಂದಾದರೂ ಬರೆ.

ಇಂತಿ ಅಪ್ಪ


ಮೈಸೂರು
20 ಅಕ್ಟೋಬರ್ 2024

ಅಪ್ಪಾ,

ಬರೆಯದೆ ಇದ್ದದ್ದಕ್ಕೆ ಬೈಯಬೇಡ. ಎರಡು ಸಲ ಬರೆದು ಹರಿದೆ.

ಆಮೇಲೆ ನಾಲ್ಕು ಕಡೆ ನಾಟಕ ಆಯಿತು. ನಾಲ್ಕರಲ್ಲೂ ಓಡಿದೆ. ಮೇಡಂ ಒಂದು ತೀರ್ಮಾನ ಹೇಳಿದ್ದಾರೆ. ಹೊಸ ನಾಟಕವನ್ನು ಪೂಜ ಒಮ್ಮೆ ನಂಜನಗೂಡಿನಲ್ಲಿ ಮಾಡುತ್ತಾಳೆ, ನಾನು ಒಮ್ಮೆ ಚಾಮರಾಜನಗರದಲ್ಲಿ ಮಾಡುತ್ತೇನೆ. ಯಾರು ಚೆನ್ನಾಗಿ ಮಾಡುತ್ತಾರೋ ಪಾತ್ರ ಅವರದು. "ನಿನ್ನೂರಿನ ಹತ್ತಿರವೇ ಹಾಕಿದ್ದೀನಿ, ನೆಪ ಹೇಳಬೇಡ" ಎಂದರು. ನನಗೆ ಮಾತ್ರ ಈಗಲೇ ಬಟ್ಟೆ ಮಡಚಿ ಊರಿಗೆ ಬರುವುದು ವಾಸಿ ಅನ್ನಿಸುತ್ತಿದೆ.

ಸಿಟ್ಟಾ ನಾಚಿಕೆಯಾ ಎಂದು ಕೇಳಿದೆಯಲ್ಲ. ಎರಡೂ. ನಿನಗೆ ಇದನ್ನು ಯಾವತ್ತೂ ಹೇಳಬಾರದು ಎಂದುಕೊಂಡಿದ್ದೆ.

ನಿನಗೆ ಕಿವಿ ಹೋದ ಮೇಲೆ ದಿನಾ ಸಂಜೆ ಜಗುಲಿ ಮುಂದೆ ನಿಂತು ನಿನಗೆ ಅವತ್ತಿನ ಸುದ್ದಿ ಮಾಡಿ ತೋರಿಸುತ್ತಿದ್ದೆನಲ್ಲ. ಸ್ಕೂಲಿನಲ್ಲಿ ಏನಾಯಿತು, ಬಸ್ಸಿನಲ್ಲಿ ಯಾರು ಜಗಳ ಆಡಿದರು, ಕೂಲಿಗೆ ಕರೆಯಲು ಬಂದ ನಂಜುಂಡಮ್ಮ ಹೇಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು, ಎಲ್ಲ. ಆಗ ನನ್ನ ಬೆನ್ನ ಹಿಂದೆ ಬೀದಿಯಲ್ಲಿ ಜನ ನಿಂತು ನಗುತ್ತಿದ್ದರು. ನಿನಗೆ ಕೇಳಿಸುತ್ತಿರಲಿಲ್ಲ, ನನಗೆ ಕೇಳಿಸುತ್ತಿತ್ತು. ಅದಕ್ಕೂ ಮೊದಲೇ ಸ್ಕೂಲಿನಲ್ಲಿ ಹುಡುಗರು ನಿನ್ನ ಹಾಗೆ ಜೋರಾಗಿ ಕಿರುಚಿ "ಕಿವುಡ ಪುಟ್ಟಮಾದ ಬಂದ" ಎಂದು ಆಡಿಕೊಳ್ಳುತ್ತಿದ್ದರು. ಬೀದಿಯವರೂ ಅದನ್ನೇ ಮಾಡುತ್ತಿದ್ದಾರೆ, ಕಿವುಡ ಅಪ್ಪ, ಕೋತಿಯ ಹಾಗೆ ಕುಣಿಯುವ ಮಗಳು ಎಂದು ನಗುತ್ತಿದ್ದಾರೆ, ಅಂತ ನನಗೆ ಗೊತ್ತಿತ್ತು. ಒಂದು ದಿನವೂ ತಿರುಗಿ ನೋಡಲಿಲ್ಲ. ನೋಡಿದರೆ ನಾನು ಅಳುತ್ತೇನೆ, ನೀನು ಯಾಕೆ ಎಂದು ಕೇಳುತ್ತೀಯ, ಅದನ್ನು ನಿನಗೆ ಹೇಗೆ ಮಾಡಿ ತೋರಿಸಲಿ? ಅವರು ನಕ್ಕಾಗ ಬೇಗ ಬೇಗ ಮುಗಿಸುತ್ತಿದ್ದೆ, ಅಷ್ಟೇ. ನೀನು ಅರ್ಥವಾಗದೆ ಇನ್ನೊಂದು ಸಲ ಮಾಡು ಎನ್ನುತ್ತಿದ್ದೆ. ಮತ್ತೆ ಮಾಡುತ್ತಿದ್ದೆ, ಅವರು ಮತ್ತೆ ನಗುತ್ತಿದ್ದರು.

ಈಗ ಕತ್ತಲಿಂದ ನಗು ಬಂದರೆ ಅದೇ ಬೀದಿ ಅನ್ನಿಸುತ್ತದೆ. ಕಾಲು ತಾನಾಗಿ ಓಡುತ್ತದೆ.

ಕ್ಷಮಿಸು. ಅವ್ವನಿಗೆ ಹೇಳಬೇಡ.

ಚೈತ್ರ


ತಿಗನಾರೆ
2 ನವೆಂಬರ್ 2024

ಕೂಸೆ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡಿದೆ. ಎಲ್ಲರೂ ದೀಪಾವಳಿ ಮಾಡುತ್ತಿದ್ದರು, ನಾನು ಕೆರೆ ಏರಿ ಮೇಲೆ ಕೂತಿದ್ದೆ. ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಆಮೇಲೆ ನಗು ಬಂತು. ಅಷ್ಟು ವರ್ಷ ಒಂದೇ ಜಾಗದಲ್ಲಿ ಇಬ್ಬರೂ ಇದ್ದು, ನೀನೊಂದು ಕಂಡೆ, ನಾನೊಂದು ಕಂಡೆ.

ಸಮಾಧಾನವಾಗಿ ಓದು. ನೀನು ನನ್ನ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಜಗುಲಿ ಮೇಲೆ ಕೂತ ನನಗೆ ನಿನ್ನ ಹೆಗಲ ಮೇಲಿಂದ ಇಡೀ ಬೀದಿ ಕಾಣುತ್ತಿತ್ತು. ಆ ನಗು ನಿನಗೆ ಕೇಳಿಸಿತು, ಕಾಣಿಸಲಿಲ್ಲ. ನನಗೆ ಕೇಳಿಸಲಿಲ್ಲ, ಆದರೆ ಒಬ್ಬೊಬ್ಬರ ಮುಖವೂ ಕಾಣಿಸಿತು.

ನನ್ನನ್ನು ಆಡಿಕೊಳ್ಳುವವರು ಊರಲ್ಲಿ ಇಲ್ಲ ಎಂದು ನಾನು ಹೇಳುವುದಿಲ್ಲ. ಇದ್ದಾರೆ. ಅವರನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಆಡಿಕೊಳ್ಳುವವನು ನಕ್ಕ ಕೂಡಲೇ ಪಕ್ಕದವನ ಮುಖ ನೋಡುತ್ತಾನೆ, ಅವನೂ ನಕ್ಕನಾ ಎಂದು. ಆಮೇಲೆ ನನ್ನನ್ನು ಕದ್ದು ನೋಡುತ್ತಾನೆ. ನಿನ್ನ ಹಿಂದೆ ನಿಂತವರಲ್ಲಿ ಒಬ್ಬರೂ ಪಕ್ಕಕ್ಕೆ ನೋಡಲಿಲ್ಲ. ನನ್ನನ್ನಂತೂ ನೋಡಲೇ ಇಲ್ಲ, ನಾನು ಅಲ್ಲಿದ್ದೇನೆ ಎಂಬುದೇ ಅವರಿಗೆ ಮರೆತಿತ್ತು. ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು.

ಸಿದ್ದೇಶ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದವನು ಕ್ಯಾನು ಕೆಳಗಿಟ್ಟು ನಿಲ್ಲುತ್ತಿದ್ದ. ತಡವಾಯಿತೆಂದು ಡೇರಿಯಲ್ಲಿ ಬೈಸಿಕೊಂಡು, ಮಾರನೆಯ ದಿನ ಮತ್ತೆ ನಿಲ್ಲುತ್ತಿದ್ದ. ಗಂಡ ಸತ್ತ ಮೇಲೆ ಮನೆ ಬಿಟ್ಟು ಹೊರಗೆ ಬಾರದಿದ್ದ ಎದುರುಮನೆಯ ಸುನೀತ, ನೀನು ಶುರು ಮಾಡಿದರೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಅವಳ ಹಲ್ಲು ನಾನು ನೋಡಿದ್ದು ಆಗಲೇ. ನಂಜುಂಡಮ್ಮನದಂತೂ ನಿನಗೆ ಹೇಳಲೇಬೇಕು. ಅವಳು ಕಳೆ ಕೀಳಲು ಆಳು ಕರೆಯಲು ಬಂದಾಗ, ನೀನು ಅವಳ ಕಡೆ ಬೆನ್ನು ಮಾಡಿ ಅವಳನ್ನೇ ಮಾಡುತ್ತಿದ್ದೆ. ಮಾದಿಗೆ ನಾಳೆಯಿಂದ ಕೆಲಸ ಹೋಯಿತು ಎಂದುಕೊಂಡೆ. ಕಣ್ಣಲ್ಲೇ ಸನ್ನೆ ಮಾಡಿದೆ, ನೀನು ಗಮನಿಸಲಿಲ್ಲ. ನಂಜುಂಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏನೆಂದಳು ಎಂದು ನಿಮ್ಮವ್ವನನ್ನು ಕೇಳಿದೆ. ಅವಳು ಕೈ ತಿರುಗಿಸಿದಳು. ಆಮೇಲೆ ಅಲ್ಲೇ ನಿಂತಿದ್ದ ಪಕ್ಕದ ಮನೆ ನಾಗೇಶನ ಕೈಲಿ ಚೀಟಿಯಲ್ಲಿ ಬರೆಸಿಕೊಂಡೆ. "ಅಯ್ಯೋ ಮಾದಿ, ಥೇಟು ನಮ್ ಓರಗಿತ್ತಿನೇ ಕಣೆ. ಇಂಗೇ ಆಡೋದು ಅವ್ಳು" ಎಂದಳಂತೆ.

ಇನ್ನೊಂದು. ನನಗೆ ಅರ್ಥವಾಗದೆ ಇನ್ನೊಂದ್ಸಲ ಮಾಡು ಎನ್ನುತ್ತಿದ್ದೆ ಎಂದು ಬರೆದಿದ್ದೀಯ. ನಿಮ್ಮಪ್ಪ ಅಷ್ಟು ಹೆಡ್ಡನಾ? ನೀನು ಮೊದಲ ಸಲ ಮಾಡಿದಾಗಲೇ ನನಗೆ ಎಲ್ಲ ತಿಳಿಯುತ್ತಿತ್ತು. ನೀನು ಓಡುತ್ತಿದ್ದೆ, ಅವರು ಇನ್ನೂ ನಗುತ್ತಿದ್ದರು. ಹಿಂದೆ ನಿಂತ ಮುದುಕರಿಗೆ ತಡವಾಗಿ ನಗು ಬರುತ್ತದೆ. ಅವರು ಮುಗಿಸುವವರೆಗೆ ನಿನ್ನನ್ನು ನಿಲ್ಲಿಸೋಣ ಎಂದು ಕೈ ಎತ್ತಿ "ತಡಿ" ಎನ್ನುತ್ತಿದ್ದೆ. ಅಷ್ಟು ಜನ ಒಟ್ಟಿಗೆ ನಗುವುದನ್ನು ಅರ್ಧಕ್ಕೆ ಕಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಕಿವಿ ಹೋದ ಹೊಸದರಲ್ಲಿ ಇನ್ನು ನನಗೆ ಯಾರೂ ಇಲ್ಲ ಎಂದುಕೊಂಡಿದ್ದೆ ಕಣವ್ವ. ಸಂಜೆಯಾದರೆ ಬೀದಿಗೆ ಬೀದಿಯೇ ನನ್ನ ಮನೆ ಮುಂದೆ ಬಂದು ನಿಲ್ಲುತ್ತಿತ್ತು, ನನ್ನ ಮಗಳನ್ನು ನೋಡಲು. ನನಗೆ ಎಷ್ಟು ಜಂಬ ಬರುತ್ತಿತ್ತು ಎಂದು ನಿನಗೆ ಗೊತ್ತಿಲ್ಲ.

ಬಟ್ಟೆ ಮಡಚಬೇಡ. ಪಾತ್ರ ಸಿಗದೆ ವಾಪಸು ಬಂದರೆ ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಹೆದರಿ ಬರಬೇಡ.

ಇಂತಿ ಅಪ್ಪ


ಮೈಸೂರು
1 ಡಿಸೆಂಬರ್ 2024

ಅಪ್ಪಾ,

ನಿನ್ನ ಕಾಗದ ಓದಿದ ದಿನ ತಾಲೀಮಿಗೆ ಹೋಗಲಿಲ್ಲ. ಗಿರಣಿ ಹಿಂದೆ ಕೂತು ಅತ್ತೆ. ಪೂಜ ಹುಡುಕಿಕೊಂಡು ಬಂದಳು, ಅವಳಿಗೂ ಓದಿ ಹೇಳಿದೆ. ಓರಗಿತ್ತಿಯ ಜಾಗಕ್ಕೆ ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳು "ಹೀಗೆ ಕೂತ್ಕೊಂಡ್ರೆ ನನಗೆ ಸುಲಭವಾಗಿ ಪಾತ್ರ ಸಿಗುತ್ತೆ, ಅದು ನನಗೆ ಬೇಡ. ಏಳು" ಎಂದಳು.

ಮಾರನೆಯ ದಿನ ಮೇಡಂ ಹತ್ತಿರ ಹೋಗಿ, ನಮ್ಮೂರಿನ ಒಬ್ಬ ಯಜಮಾನ್ತಿಯನ್ನು ಮಾಡಿ ತೋರಿಸಲಾ ಎಂದೆ. ಮಾಡಿದೆ. ಮೇಡಂ ಹೊಸ ನಾಟಕದ ಪಾತ್ರವನ್ನೇ ಬದಲಾಯಿಸಿದರು. ಅದರಲ್ಲಿ ನಗರದ ಅತ್ತೆಯೊಬ್ಬಳಿದ್ದಳು. ಈಗ ಅವಳು ಬೀದಿ ಬೀದಿ ತಿರುಗಿ ಕಳೆ ಕೀಳಲು ಆಳು ಕರೆಯುವ ಯಜಮಾನ್ತಿ. ಯಾರೂ ಬರುವುದಿಲ್ಲ, ಕೊನೆಗೆ ಪಟ್ಟೆ ಸೀರೆ ಎತ್ತಿ ಕಟ್ಟಿ ಅವಳೇ ಕೂತು ಕೀಳುತ್ತಾಳೆ. ನಮ್ಮ ಊರಿನ ಮಾತೇ ಇರಲಿ ಎಂದೂ ಹೇಳಿದರು. ಪೂಜಳಿಗೆ "ಒಲ" ಅನ್ನುವುದನ್ನು ನಾನು ಕಲಿಸುತ್ತಿದ್ದೇನೆ. ಅವಳು ನನಗೆ ನಿಲ್ಲುವುದನ್ನು ಕಲಿಸುತ್ತಿದ್ದಾಳೆ.

ಚಾಮರಾಜನಗರದ ನಾಟಕ ಜನವರಿ ಐದು, ಭಾನುವಾರ, ಸಂಜೆ ನಾಲ್ಕು ಗಂಟೆಗೆ. ನೀನೂ ಅವ್ವನೂ ಬನ್ನಿ, ಕೊನೇ ಬಸ್ಸಿಗೆ ವಾಪಸು ಹೋಗಬಹುದು. ಮುಂದಿನ ಸಾಲಿನಲ್ಲಿ ಜಾಗ ಹೇಳಿರುತ್ತೇನೆ. ನಂಜುಂಡಮ್ಮನಿಗೆ ಮಾತ್ರ ಯಾವ ಕಾರಣಕ್ಕೂ ಗೊತ್ತಾಗಬಾರದು.

ಈಗಲೂ ಹೆದರಿಕೆ ಇದೆ. ನಿನ್ನೆ ಸಣ್ಣ ಪಾರ್ಟಿನಲ್ಲಿ ಅರ್ಧ ನಿಂತೆ, ಅರ್ಧ ಓಡಿದೆ.

ನಿನ್ನ
ಚೈತ್ರ


ತಿಗನಾರೆ
20 ಡಿಸೆಂಬರ್ 2024

ಕೂಸೆ,

ನಂಜುಂಡಮ್ಮನಿಗೆ ಗೊತ್ತಾಗಿದೆ. ನಾನು ಟೀ ಅಂಗಡಿಯಲ್ಲಿ ಶಿವಸ್ವಾಮಿಗೆ ಮೆತ್ತಗೆ ಹೇಳಿದೆ. ನನ್ನ ಮೆತ್ತಗೆ ಎಷ್ಟು ಜೋರು ಎಂದು ನನಗೆ ತಿಳಿಯುವುದಿಲ್ಲ. ಅವಳು ಪಟ್ಟೆ ಸೀರೆ ಉಟ್ಟು ಬರುತ್ತಾಳಂತೆ, ಓರಗಿತ್ತಿಯನ್ನೂ ಕರೆತರುತ್ತಾಳಂತೆ. ಸಿದ್ದೇಶ ಬರುತ್ತಾನೆ, ಸುನೀತ ಬರುತ್ತಾಳೆ. ಒಂದು ವ್ಯಾನು ಮಾತಾಡಿದ್ದೇವೆ. ಜಾಗ ಎರಡು ಸಾಲಿಗೆ ಹೇಳು.

ಇಂತಿ ಅಪ್ಪ


ಮೈಸೂರು
7 ಜನವರಿ 2025

ಅಪ್ಪಾ,

ನಾಟಕ ಮುಗಿದಾಗ ನಿನ್ನ ಹತ್ತಿರ ಮಾತಾಡಲೂ ಆಗಲಿಲ್ಲ. ಬಣ್ಣ ಅಳಿಸಿಕೊಂಡು ಬರುವಷ್ಟರಲ್ಲಿ ವ್ಯಾನಿನವನು ಕಾಡು ದಾರಿ, ಹೊತ್ತಾಗುತ್ತೆ ಎಂದು ಎಲ್ಲರನ್ನೂ ಹತ್ತಿಸಿಬಿಟ್ಟಿದ್ದ. ನೀನು ಕಿಟಕಿಯಿಂದ ಕೈ ಬೀಸಿದ್ದಷ್ಟೇ ಕಂಡಿತು.

ನಡೆದದ್ದನ್ನು ನನ್ನ ಕಡೆಯಿಂದ ಹೇಳುತ್ತೇನೆ. ಪರದೆ ಸರಿಯಿತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದೆ. "ಏನ್ರವ್ವಾ, ಒಲ ನನ್ದು, ಕಳೆ ನನ್ದು, ಕೀಳದೂ ನಾನೇನಾ?" ಎಂದೆ. ನಗು ಬಂತು, ಕತ್ತಲಿಂದ, ದೊಡ್ಡದಾಗಿ. ಕಿವಿ ಬಿಸಿಯಾಯಿತು. ಬಲಗಾಲು ಆಗಲೇ ಒಂದು ಹೆಜ್ಜೆ ಇಟ್ಟುಬಿಟ್ಟಿತ್ತು.

ಆಗ ಮುಂದಿನ ಸಾಲು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಮಾತ್ರ ದೀಪದ ಬೆಳಕು ಬೀಳುತ್ತದೆ. ಅವ್ವ, ನಂಜುಂಡಮ್ಮ, ಸಿದ್ದೇಶಣ್ಣ, ಎಲ್ಲರ ಮುಖ ನನ್ನ ಕಡೆ ಇತ್ತು. ನಡುವೆ ಒಬ್ಬ ಮಾತ್ರ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ತಿರುಗಿಸಿಕೊಂಡು, ನನಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತಿದ್ದ. ಅವನ ಬಲಗೈ ತಲೆಯ ಮೇಲಕ್ಕೆ ಎದ್ದಿತ್ತು. ಅಂಗೈ ನನ್ನ ಕಡೆ.

ನಿಂತೆ. ನಗು ಇಳಿಯಿತು. ಹಿಂದೆ ಎಲ್ಲೋ ಮತ್ತೆ ಶುರುವಾಯಿತು, ಮುದುಕರು ಇರಬೇಕು. ನಿನ್ನ ಕೈ ಇನ್ನೂ ಮೇಲೇ ಇತ್ತು. ನಾನು ಸುಮ್ಮನೆ ಸೊಂಟದ ಮೇಲಿನ ಕೈಯನ್ನು ಬದಲಾಯಿಸಿದೆ, ಅದಕ್ಕೂ ನಕ್ಕರು. ಆಮೇಲೆ ನಿನ್ನ ಕೈ ಕೆಳಗಿಳಿಯಿತು. ಮುಂದಿನ ಮಾತು ಹೇಳಿದೆ. ಸೂಜಿ ಬಿದ್ದರೆ ಕೇಳಿಸುವ ಹಾಗೆ ಎಲ್ಲರೂ ಕೇಳುತ್ತಿದ್ದರು.

ಅರ್ಧ ನಾಟಕದವರೆಗೆ ನಿನ್ನ ಕೈ ನೋಡಿಕೊಂಡೇ ನಿಂತೆ, ನೋಡಿಕೊಂಡೇ ಮುಂದಿನ ಮಾತಿಗೆ ಹೊರಟೆ. ಆಮೇಲೆ ಯಾವಾಗ ಅದನ್ನು ನೋಡುವುದು ಬಿಟ್ಟೆನೋ ತಿಳಿಯದು. ನಗು ಎಲ್ಲಿ ಮುಗಿಯುತ್ತದೆ ಎಂದು ನನಗೇ ಗೊತ್ತಾಗತೊಡಗಿತ್ತು. ಕೊನೆಗೆ ಕಳೆ ಕೀಳಲು ಸೀರೆ ಎತ್ತಿ ಕಟ್ಟಿದಾಗ ಶಿವಮೂರ್ತಿ ಸರ್ ಪಕ್ಕದಿಂದ "ನಿಲ್ಲು, ನಿಲ್ಲು" ಎಂದು ಪಿಸುಗುಟ್ಟಿದರು. ನಾನು ಆಗಲೇ ನಿಂತಿದ್ದೆ.

ಪೂಜ ನಂಜನಗೂಡಿನಲ್ಲಿ ಚೆನ್ನಾಗಿಯೇ ಮಾಡಿದ್ದಳು, ಆದರೂ ಪಾತ್ರ ನನಗೆ ಸಿಕ್ಕಿತು ಅಪ್ಪಾ. ಸಂಕ್ರಾಂತಿ ಮುಗಿಸಿ ಹೊರಡುತ್ತೇವೆ. ಪೂಜ ನನಗಿಂತ ಮೊದಲು ಕುಣಿದಳು. ಮೇಡಂ ಅವಳನ್ನೂ ಕಳಿಸುತ್ತಿಲ್ಲ, ಇಬ್ಬರೂ ಇರಲಿ, ಅವಳಿಗೆ ಬೇರೆ ಪಾತ್ರ ಬರೆಯುತ್ತೇನೆ ಎಂದರು.

ವ್ಯಾನು ಹತ್ತುವ ಮೊದಲು ನಂಜುಂಡಮ್ಮ ಬಣ್ಣದ ಕೋಣೆಗೇ ನುಗ್ಗಿ ಬಂದಳು. ನಾನು ಗೋಡೆಗೆ ಒರಗಿ ನಿಂತೆ. ಅವಳು ನನ್ನ ಕೆನ್ನೆ ಹಿಂಡಿ, ಓರಗಿತ್ತಿಯನ್ನು ಮುಂದಕ್ಕೆ ತಳ್ಳಿ, "ನೋಡ್ದಾ, ಈಗ್ಲಾದ್ರೂ ಗೊತ್ತಾಯ್ತಾ ನೀನೆಂಗಾಡ್ತೀಯ ಅಂತ" ಎಂದಳು. ಆ ಓರಗಿತ್ತಿ ನಂಜುಂಡಮ್ಮನ ಬೆನ್ನ ಹಿಂದಿನಿಂದ ನನ್ನನ್ನು ನೋಡಿ ಕಣ್ಣು ಹೊಡೆದಳು.

ಒಂದೇ ಒಂದು ಕೇಳಬೇಕು. ಇಡೀ ನಾಟಕದಲ್ಲಿ ಒಂದು ಸಲವಾದರೂ ನನ್ನ ಕಡೆ ತಿರುಗಿದೆಯಾ?

ನಿನ್ನ
ಚೈತ್ರ


ತಿಗನಾರೆ
13 ಜನವರಿ 2025

ಕೂಸು ಚೈತ್ರಳಿಗೆ ಅಪ್ಪ ಪುಟ್ಟಮಾದ ಬರೆಯುವುದು,

ತಿರುಗಲಿಲ್ಲ.

ಬೇಸರ ಮಾಡಿಕೊಳ್ಳಬೇಡ. ನೀನು ಏನು ಮಾಡುತ್ತೀಯ, ಕೈ ಎಲ್ಲಿಡುತ್ತೀಯ, ಕತ್ತು ಯಾವಾಗ ತಿರುಗಿಸುತ್ತೀಯ, ಎಲ್ಲ ನನಗೆ ಗೊತ್ತು. ಇಷ್ಟು ವರ್ಷ ನಾನೊಬ್ಬನೇ ಅದನ್ನು ಎದುರಿನಿಂದ ನೋಡಿದವನು. ಆ ಮುಖಗಳನ್ನು ಮಾತ್ರ ನಾನು ಎಲ್ಲೂ ನೋಡಿರಲಿಲ್ಲ. ನಮ್ಮ ಬೀದಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ? ಅಲ್ಲಿ ಸಾಲು ಸಾಲು, ಗೋಡೆಯವರೆಗೆ, ಬಾಗಿಲಲ್ಲಿ ನಿಂತವರೂ ಸೇರಿ. ಪೊಲೀಸಿನವನೊಬ್ಬ ಟೋಪಿ ತೆಗೆದು ಮುಖ ಒರೆಸಿಕೊಂಡ. ಒಬ್ಬ ತಾಯಿ ಮಗುವಿಗೆ ಹಾಲು ಕುಡಿಸುತ್ತಾ ನಗುತ್ತಿದ್ದಳು, ಮಗು ಅಲುಗಾಡಿ ಅಲುಗಾಡಿ ಹಾಲು ಬಿಟ್ಟು ಅದೂ ನಕ್ಕಿತು. ನಿಮ್ಮವ್ವ ಅಳುತ್ತಾ ನಗುತ್ತಾ ಕೈ ತಿರುಗಿಸುತ್ತಲೇ ಇದ್ದಳು. ಆ ದಿನ ಅದರ ಅರ್ಥ ನನಗೆ ಸರಿಯಾಗಿ ತಿಳಿಯಿತು.

ಒಬ್ಬರೂ ಪಕ್ಕಕ್ಕೆ ನೋಡಲಿಲ್ಲ ಕೂಸೆ. ನಾನು ಕೊನೆಯ ಸಾಲಿನವರೆಗೆ ನೋಡಿದೆ.

ನನ್ನ ಎದುರಿಗೆ ಎರಡನೇ ಸಾಲಿನಲ್ಲಿ, ನಮ್ಮೂರಿನವರು ಕೂತು ಉಳಿದ ಜಾಗದಲ್ಲಿ, ಚಾಮರಾಜನಗರದ ಒಬ್ಬ ದಪ್ಪಗಿನ ಮನುಷ್ಯ ಕೂತಿದ್ದ. ನಗುವಿನ ನಡುವೆ ಬಾಗಿ ನನ್ನ ಮೊಣಕಾಲು ತಟ್ಟಿ, ನಾಟಕ ಆ ಕಡೆ ನಡೀತಿದೆ, ತಿರುಗಿ ಕೂತ್ಕೊ ಎಂದು ಬೆರಳು ತೋರಿಸಿದ. ಪಾಪ, ಒಳ್ಳೆಯವನು, ನಾನು ತಪ್ಪು ಕೂತಿದ್ದೇನೆ ಎಂದುಕೊಂಡ. ನಾನು ಹೇಳಿದೆ. ಜೋರಾಗಿ ಹೇಳಿದೆನೋ ಏನೋ, ಸುತ್ತಲಿನವರೂ ನನ್ನನ್ನು ನೋಡಿದರು.

"ಅವ್ಳು ನನ್ ಮಗ್ಳು ಕಣಪ್ಪ. ನೀನು ನಗು."

ಇಂತಿ ನಿನ್ನ ಅಪ್ಪ